ಮನೆಯ ತಂಪುಪೆಟ್ಟಿಗೆ: ಅದರ ಆರೈಕೆ ಮತ್ತು ರಕ್ಷಣೆ



ಎತ್ತು ಸಾಕಿದವನು ಅದರ ಗೊರಸು ನೋಡುತ್ತಾನೆ. ಬಾವಿಗೆ ಪಂಪು ಇಟ್ಟವನು ಅದರ ವಾಷರು, ಬೇರಿಂಗು ನೋಡುತ್ತಾನೆ. ಆದರೆ ಅಡಿಗೆಮನೆಯ ಮೂಲೆಯಲ್ಲಿ ಹಗಲಿರುಳು ದುಡಿಯುವ ತಂಪುಪೆಟ್ಟಿಗೆಯನ್ನು, ಅಂದರೆ ನಾವೆಲ್ಲ ಫ್ರಿಜ್ ಎಂದು ಕರೆಯುವ ಯಂತ್ರವನ್ನು, ಅದು ಕೆಟ್ಟು ನಿಲ್ಲುವ ತನಕ ತಿರುಗಿ ನೋಡುವವರು ಕಡಿಮೆ. ಸರಿಯಾಗಿ ನೋಡಿಕೊಂಡ ಫ್ರಿಜ್ ಹತ್ತು ಹದಿನೈದು ವರ್ಷ ಬಾಳುತ್ತದೆ. ನೋಡಿಕೊಳ್ಳದಿದ್ದರೆ ಮಗುವಿನ ಹಾಲು ಒಡೆಯುತ್ತದೆ, ಮನೆಯ ಹಿರಿಯರ ಔಷಧಿ ಸತ್ವ ಕಳೆದುಕೊಳ್ಳುತ್ತದೆ, ವಿದ್ಯುತ್ ಬಿಲ್ಲು ಏರುತ್ತದೆ. ಕೆಲವು ವೇಳೆ ಮನೆಯವರ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಆದಕಾರಣ ಈ ಪಾಠ.

ನಮ್ಮ ಬೆಂಗಳೂರು ಪೂರ್ವ ತಾಲ್ಲೂಕಿನ ಹೊರಮಾವನ್ನೇ ನೋಡಿ. ಒಂದು ಕಾಲಕ್ಕೆ ಅದು ಕೆರೆ, ಹೊಲ, ತೋಟಗಳ ಹಳ್ಳಿ. 2007ರಲ್ಲಿ ಸುತ್ತಲ ಹಳ್ಳಿಗಳ ಜೊತೆಗೆ ನಗರದ ಆಡಳಿತಕ್ಕೆ ಸೇರಿತು. ಮಣ್ಣಿನ ಮಡಕೆಯಲ್ಲಿ ನೀರು, ನೆಲುವಿನ ಮೇಲೆ ಮೊಸರು ಇಡುತ್ತಿದ್ದ ಕಡೆ ಇಂದು ಫ್ರಿಜ್ ಸಾಮಾನ್ಯ ಸಾಮಾನಾಗಿದೆ. ಬಿದರಹಳ್ಳಿ ಹೋಬಳಿಯ ಹಳ್ಳಿಗಳಲ್ಲಿಯೂ ಅದೇ ಬದಲಾವಣೆ. ಯಂತ್ರ ಮನೆಗೆ ಬಂದ ಮೇಲೆ ಅದನ್ನು ನಡೆಸುವ ತಿಳಿವಳಿಕೆಯೂ ಜೊತೆಗೆ ಬರಬೇಕು.

1. ಫ್ರಿಜ್ ಕೆಲಸ ಮಾಡುವ ಬಗೆ

ಫ್ರಿಜ್ ತಂಪನ್ನು ಉತ್ಪಾದನೆ ಮಾಡುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಹಾಗಲ್ಲ. ಬಾವಿಯ ಪಂಪು ತಗ್ಗಿನಲ್ಲಿರುವ ನೀರನ್ನು ಮೇಲೆತ್ತಿ ಕಾಲುವೆಗೆ ಸುರಿಯುವಂತೆ, ಫ್ರಿಜ್ ಪೆಟ್ಟಿಗೆಯ ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಸುರಿಯುತ್ತದೆ. ಅದು ಬಿಸಿ ಎತ್ತುವ ಪಂಪು. ಈ ಒಂದು ಮಾತು ಮನಸ್ಸಿನಲ್ಲಿದ್ದರೆ ಮುಂದೆ ಹೇಳುವ ಎಲ್ಲ ನಿಯಮಗಳೂ ತಾವಾಗಿಯೇ ಅರ್ಥವಾಗುತ್ತವೆ.

ಇಂಜೆಕ್ಷನ್ ಕೊಡುವ ಮುಂಚೆ ದಾದಿಯರು ತೋಳಿಗೆ ಸ್ಪಿರಿಟ್ ಸವರುತ್ತಾರಷ್ಟೆ. ಅದು ಆರುವಾಗ ಚರ್ಮ ತಣ್ಣಗಾಗುತ್ತದೆ. ದ್ರವವು ಆವಿಯಾಗುವಾಗ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುವುದೇ ಇದಕ್ಕೆ ಕಾರಣ. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಹೀಗೆಯೇ. ಫ್ರಿಜ್ಜಿನ ಒಳಗೋಡೆಯ ಕೊಳವೆಗಳಲ್ಲಿ ಒಂದು ದ್ರವವು ಆವಿಯಾಗುತ್ತಾ ಒಳಗಿನ ಬಿಸಿಯನ್ನು ಹೀರುತ್ತದೆ. ಕೆಳಗೆ ಹಿಂಬದಿಯಲ್ಲಿರುವ ಕರಿಯ ಗುಂಡು, ಅಂದರೆ ಕಂಪ್ರೆಸರ್, ಆ ಆವಿಯನ್ನು ಒತ್ತಿ ಹಿಂಬದಿಯ ಅಥವಾ ಪಕ್ಕದ ಗೋಡೆಗಳ ಕೊಳವೆಗಳಿಗೆ ತಳ್ಳುತ್ತದೆ. ಅಲ್ಲಿ ಅದು ಬಿಸಿಯನ್ನು ಹೊರಗಿನ ಗಾಳಿಗೆ ಬಿಟ್ಟು ಮತ್ತೆ ದ್ರವವಾಗಿ ಒಳಕ್ಕೆ ಹರಿಯುತ್ತದೆ. ಫ್ರಿಜ್ಜಿನ ಹಿಂಬದಿ ಅಥವಾ ಪಕ್ಕ ಬೆಚ್ಚಗಿದ್ದರೆ ಗಾಬರಿ ಬೇಡ. ಒಳಗಿನಿಂದ ಎತ್ತಿದ ಬಿಸಿಯೇ ಅದು.

ಪಂಪಿನವನಿಗೆ ಎರಡು ಶತ್ರುಗಳು: ಕಟ್ಟಿಕೊಂಡ ಕಾಲುವೆ ಮತ್ತು ಒಡೆದ ಬದು. ಫ್ರಿಜ್ಜಿಗೂ ಅವೇ ಎರಡು. ಬಿಸಿ ಹೊರಹೋಗುವ ದಾರಿ ಕಟ್ಟಿಕೊಳ್ಳಬಾರದು. ಹೊರಗಿನ ಬಿಸಿ ಒಳನುಗ್ಗಬಾರದು.

2. ಇಡುವ ಸ್ಥಳ

ಒಲೆಯ ಪಕ್ಕದಲ್ಲಿ, ಬಿಸಿಲು ಬೀಳುವ ಕಿಟಕಿಯ ಎದುರಿನಲ್ಲಿ ಫ್ರಿಜ್ ಇಡಕೂಡದು. ಗೋಡೆಗೂ ಫ್ರಿಜ್ಜಿನ ಹಿಂಬದಿಗೂ ನಡುವೆ ಒಂದು ಅಂಗೈಯಗಲ, ಅಂದರೆ ಸುಮಾರು 10 ಸೆಂಟಿಮೀಟರ್ ಜಾಗವಿರಲಿ. ಪಕ್ಕಗಳಲ್ಲಿಯೂ ಗಾಳಿಯಾಡಲಿ. ರಾಗಿಮೂಟೆಗಳ ನಡುವೆ ಫ್ರಿಜ್ಜನ್ನು ಒತ್ತರಿಸಿ ಇಡುವುದು, ಮೇಲೆಲ್ಲ ದಪ್ಪ ಬಟ್ಟೆ ಹೊದಿಸುವುದು ಸರಿಯಲ್ಲ.

ಹಿಂಬದಿಯ ಕೊಳವೆ ಜಾಲರಿಯ ಮೇಲೆ ಧೂಳು, ಹಿಟ್ಟು, ಜೇಡರ ಬಲೆ ಕೂತರೆ ಕಂಬಳಿ ಹೊದ್ದಂತಾಗಿ ಬಿಸಿ ಹೊರಹೋಗುವುದಿಲ್ಲ. ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬೇಗ ಸವೆಯುತ್ತದೆ. ಮೂರು ತಿಂಗಳಿಗೊಮ್ಮೆ ಪ್ಲಗ್ಗು ಕಿತ್ತು, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಹಿಟ್ಟಿನ ಗಿರಣಿ ಅಥವಾ ಮಣ್ಣುರಸ್ತೆಯ ಪಕ್ಕದ ಮನೆಯವರು ತಿಂಗಳಿಗೊಮ್ಮೆ ಮಾಡುವುದು ಲೇಸು. ನೀರು ಎರಚಕೂಡದು. ಅದೇ ಸಮಯದಲ್ಲಿ ಇಲಿ ವೈರು ಕಚ್ಚಿದೆಯೇ, ಹಲ್ಲಿ ಗೂಡು ಮಾಡಿದೆಯೇ ಎಂಬುದನ್ನೂ ನೋಡಿ.

3. ವಿದ್ಯುತ್ತು: ಪ್ರಾಣಕ್ಕೆ ಸಂಬಂಧಿಸಿದ ಮಾತು

ಇದು ಈ ಪಾಠದ ಅತಿ ಮುಖ್ಯ ಭಾಗ. ಫ್ರಿಜ್ಜಿನ ಮೈ ತಗಡಿನದು. ಒಳಗಿನ ವೈರಿನ ಹೊದಿಕೆ ಕಿತ್ತು ತಗಡಿಗೆ ತಗುಲಿದರೆ ಇಡೀ ಪೆಟ್ಟಿಗೆಗೆ ವಿದ್ಯುತ್ತು ಹರಿಯುತ್ತದೆ. ಒದ್ದೆ ಕೈ, ಬರಿಗಾಲು, ತೇವದ ನೆಲ ಇವು ಸೇರಿದರೆ ಬಾಗಿಲು ಮುಟ್ಟಿದವರ ಜೀವಕ್ಕೆ ಅಪಾಯ.

ಇದನ್ನು ತಡೆಯುವುದಕ್ಕಾಗಿಯೇ ಪ್ಲಗ್ಗಿನಲ್ಲಿ ಮೂರನೆಯ ದಪ್ಪ ಪಿನ್ನು ಇರುವುದು. ಅದು ಸೋರಿದ ವಿದ್ಯುತ್ತನ್ನು ಭೂಮಿಗೆ ಇಳಿಸುವ ದಾರಿ. ಆ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸುವುದು ತನ್ನ ಮನೆಯವರಿಗೆ ತಾನೇ ಗುಂಡಿ ತೋಡಿದಂತೆ. ಗೋಡೆಯಲ್ಲಿ ಮೂರು ತೂತಿನ ಸಾಕೆಟ್ ಇದ್ದ ಮಾತ್ರಕ್ಕೆ ಸಾಲದು. ಅದರಿಂದ ಭೂಮಿಯವರೆಗೆ ಅರ್ಥಿಂಗ್ ತಂತಿ ಇದೆಯೇ ಎಂಬುದನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ರಿಂದ ಪರೀಕ್ಷಿಸಿಕೊಳ್ಳಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿದರೆ ಕೆಲಸ ಮಾಡದು. ಆಗಾಗ ನೀರು ಹಾಕಿ ತೇವವಾಗಿಡಬೇಕು. ಮೀಟರ್ ಬೋರ್ಡಿನ ಬಳಿ 30 ಮಿಲಿಆಂಪಿಯರಿನ ಸೋರಿಕೆ ತಡೆ ಸ್ವಿಚ್ಚು ಹಾಕಿಸುವುದು ಇನ್ನೂ ಉತ್ತಮ. ಆರ್‌ಸಿಸಿಬಿ ಎಂದು ಕೇಳಿದರೆ ಅಂಗಡಿಯವರು ಕೊಡುತ್ತಾರೆ. ವಿದ್ಯುತ್ತು ಸೋರಿದ ಕ್ಷಣದಲ್ಲಿಯೇ ಅದು ಲೈನನ್ನು ಕಡಿದುಹಾಕುತ್ತದೆ.

ಫ್ರಿಜ್ ಮುಟ್ಟಿದಾಗ ಜುಮ್ಮೆಂದರೆ, ಅದು ಸಣ್ಣದಾಗಿದ್ದರೂ, ನಾಳೆ ನೋಡೋಣ ಎನ್ನಬೇಡಿ. ಮೇನ್ ಸ್ವಿಚ್ಚು ಆರಿಸಿ, ಆಮೇಲೆ ಪ್ಲಗ್ಗು ಕಿತ್ತು, ರಿಪೇರಿಯಾಗುವವರೆಗೆ ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಇನ್ನು ವೋಲ್ಟೇಜಿನ ಮಾತು. ಮನೆಯ ವಿದ್ಯುತ್ತು 230 ವೋಲ್ಟ್ ಇರಬೇಕು. ಹೊಲಗಳಲ್ಲಿ ಪಂಪುಸೆಟ್ಟುಗಳೆಲ್ಲ ಒಮ್ಮೆಗೇ ಓಡತೊಡಗಿದರೆ ಹಳ್ಳಿಯ ವೋಲ್ಟೇಜು ಇಳಿಯುವುದುಂಟು. ಆಗ ಕಂಪ್ರೆಸರ್ ಹೊರಡಲಾರದೆ ಮುಲುಗಿ, ಬಿಸಿಯಾಗಿ, ಅದರ ಸುರುಳಿ ಸುಟ್ಟುಹೋಗಬಹುದು. ವೋಲ್ಟೇಜು ಏರಿಳಿಯುವ ಊರುಗಳಲ್ಲಿ ಸ್ಟೆಬಿಲೈಸರ್ ಇಡುವುದು ಕ್ಷೇಮ. ಹೊಸ ಫ್ರಿಜ್‌ಗಳಲ್ಲಿ ಕೆಲವು ಸ್ಟೆಬಿಲೈಸರ್ ಇಲ್ಲದೆಯೂ ನಡೆಯುತ್ತವೆ; ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಎಂಬುದನ್ನು ಜೊತೆಗೆ ಕೊಟ್ಟ ಪುಸ್ತಕದಲ್ಲಿ ಓದಿ ನೋಡಿ.

ಒಮ್ಮೆ ಆರಿಸಿದ ಫ್ರಿಜ್ಜನ್ನು ಮತ್ತೆ ಹಾಕುವ ಮುಂಚೆ ಐದು ನಿಮಿಷ ಕಾಯಬೇಕು. ಏಕೆಂದರೆ ಕೊಳವೆಯ ಒಂದು ಕಡೆ ಒತ್ತಡ ಹೆಚ್ಚಿರುತ್ತದೆ. ಅದು ಎರಡೂ ಕಡೆ ಸಮವಾಗುವ ಮೊದಲೇ ಹೊರಡಿಸಿದರೆ, ತುಂಬಿದ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಎತ್ತುಗಳಿಗೆ ಹೊಡೆದಂತೆ ಆಗುತ್ತದೆ.

4. ಬಾಗಿಲಿನ ರಬ್ಬರು ಪಟ್ಟಿ

ಬಾಗಿಲಿನ ಸುತ್ತ ಇರುವ ರಬ್ಬರು ಪಟ್ಟಿಯೇ ಫ್ರಿಜ್ಜಿನ ಬದು. ಅದರೊಳಗಿನ ಅಯಸ್ಕಾಂತ ಬಾಗಿಲನ್ನು ಹಿಡಿದಿಡುತ್ತದೆ. ಪಟ್ಟಿ ಹರಿದರೆ ಅಥವಾ ಸಾರಿನ ಜಿಡ್ಡು ಅಂಟಿ ಸಡಿಲವಾದರೆ ಬಿಸಿಗಾಳಿ ಸದಾ ಒಳಗೆ ನುಸುಳುತ್ತದೆ.

ಪರೀಕ್ಷೆ ಸುಲಭ. ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿಗೆ ಇಟ್ಟು ಮುಚ್ಚಿ, ಮೆಲ್ಲನೆ ಎಳೆಯಿರಿ. ಬಿಗಿಯಾಗಿ ಹಿಡಿದರೆ ಪಟ್ಟಿ ಚೆನ್ನಾಗಿದೆ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಸೋರಿಕೆಯುಂಟು. ನಾಲ್ಕು ಕಡೆಯೂ ಹೀಗೆ ನೋಡಬೇಕು. ಮೊದಲು ಉಗುರುಬೆಚ್ಚಗಿನ ಸಾಬೂನು ನೀರಿನಿಂದ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮಡಿಕೆಗಳನ್ನು ತೊಳೆದು ಒರೆಸಿ. ಆಗಲೂ ಹಿಡಿಯದಿದ್ದರೆ ಪಟ್ಟಿ ಬದಲಾಯಿಸಿ. ಇಡೀ ಫ್ರಿಜ್ ಬದಲಾಯಿಸುವ ಕಾರಣವಿಲ್ಲ.

2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿಗೆ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಮಿತಿ ಇಟ್ಟದ್ದು ನಿಮಗೆ ಗೊತ್ತಿದೆ. ದಿನದ 24 ಗಂಟೆಯೂ ಲೈನಿನಲ್ಲಿರುವ ಯಂತ್ರ ಮನೆಯಲ್ಲಿ ಹೆಚ್ಚಾಗಿ ಇದೊಂದೇ. ಬಿಲ್ಲಿನ ಯೂನಿಟ್ಟು ಕಾರಣವಿಲ್ಲದೆ ಏರಿದ್ದರೆ ಮೊದಲು ಈ ಪಟ್ಟಿಯನ್ನೂ ಹಿಂಬದಿಯ ಧೂಳನ್ನೂ ನೋಡಿ.

5. ಮಂಜು ಕರಗಿಸುವುದು ಮತ್ತು ಶುಚಿ ಮಾಡುವುದು

ಒಂದೇ ಬಾಗಿಲಿನ ಫ್ರಿಜ್‌ಗಳ ಮೇಲಂಕಣದಲ್ಲಿ ಮಂಜು ಕಟ್ಟುತ್ತದೆ. ಮಂಜು ಹೆಚ್ಚಿದಷ್ಟೂ ತಂಪು ಹೆಚ್ಚು ಎಂಬುದು ತಪ್ಪು ತಿಳಿವಳಿಕೆ. ದಪ್ಪ ಮಂಜು ಕೊಳವೆಗಳಿಗೆ ಹೊದಿಕೆಯಾಗಿ, ಒಳಗಿನ ಬಿಸಿ ಅವಕ್ಕೆ ತಲುಪದಂತೆ ಮಾಡುತ್ತದೆ. ಅರ್ಧ ಸೆಂಟಿಮೀಟರ್ ದಪ್ಪವಾದೊಡನೆ ಕರಗಿಸತಕ್ಕದ್ದು. ಗುಂಡಿ ಒತ್ತಿ, ಅಥವಾ ಪ್ಲಗ್ಗು ಕಿತ್ತು ಬಾಗಿಲು ತೆರೆದಿಟ್ಟರೆ ತಾನೇ ಕರಗುತ್ತದೆ. ಅವಸರವಿದ್ದರೆ ಒಳಗೆ ಒಂದು ಪಾತ್ರೆಯಲ್ಲಿ ಬಿಸಿನೀರು ಇಡಿ. ಎರಡು ಬಾಗಿಲಿನ, ಮಂಜು ಕಟ್ಟದ ಫ್ರಿಜ್‌ಗಳಿಗೆ ಈ ಕೆಲಸವಿಲ್ಲ. ಅವು ತಾವೇ ಕರಗಿಸಿಕೊಳ್ಳುತ್ತವೆ.

ಚಾಕು, ಸ್ಕ್ರೂಡ್ರೈವರ್, ಕುಡುಗೋಲಿನ ತುದಿಯಿಂದ ಮಂಜು ಕೆತ್ತಕೂಡದು. ಮಂಜಿನ ಹಿಂದಿರುವ ತೆಳ್ಳನೆಯ ಅಲ್ಯೂಮಿನಿಯಂ ತೂತಾದರೆ ಅನಿಲವೆಲ್ಲ ಸೋರಿಹೋಗುತ್ತದೆ. ಈಚಿನ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವುದು ಆರ್ 600ಎ ಎಂಬ ಅನಿಲ, ಅಂದರೆ ಐಸೋಬ್ಯೂಟೇನ್. ಅದು ಅಡಿಗೆ ಗ್ಯಾಸಿನ ಜಾತಿಯದು, ಬೆಂಕಿ ಹತ್ತುತ್ತದೆ. ಬುಸ್ಸೆಂದು ಸದ್ದು ಕೇಳಿಸಿದರೆ ಒಲೆ ಆರಿಸಿ, ಕಿಟಕಿ ಬಾಗಿಲು ತೆರೆಯಿರಿ. ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು, ಬಲ್ಲವರನ್ನು ಕರೆಯಿರಿ. ನಿಮ್ಮ ಫ್ರಿಜ್ಜಿನಲ್ಲಿ ಯಾವ ಅನಿಲವಿದೆಯೆಂದು ಅದರ ಮೇಲಿನ ಚೀಟಿಯಲ್ಲಿ ಬರೆದಿರುತ್ತದೆ.

ಒಳಭಾಗವನ್ನು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಅಡಿಗೆ ಸೋಡಾ ಹಾಕಿ ಒರೆಸಬೇಕು. ಆಸಿಡ್, ಸೀಮೆಎಣ್ಣೆ, ಉಜ್ಜುವ ಪುಡಿ ಬೇಡ. ಒಳಗೆ ಹಿಂಗೋಡೆಯ ಕೆಳಗೆ ನೀರು ಇಳಿಯುವ ಸಣ್ಣ ತೂತು ಇರುತ್ತದೆ. ಸೊಪ್ಪಿನ ಎಲೆ ಸಿಕ್ಕಿಕೊಂಡು ಅದು ಕಟ್ಟಿದರೆ ತರಕಾರಿ ಡಬ್ಬದಲ್ಲಿ ನೀರು ನಿಲ್ಲುತ್ತದೆ. ಮೆತ್ತನೆಯ ಕಡ್ಡಿಯಿಂದ ಬಿಡಿಸಿ, ಬೆಚ್ಚನೆಯ ನೀರು ಬಿಡಿ.

ಆ ನೀರು ಹೋಗಿ ಸೇರುವುದು ಹಿಂಬದಿಯ ತಟ್ಟೆಗೆ. ಮನೆ ತುಂಬ ಚೊಕ್ಕಟವಾಗಿದ್ದರೂ ಡೆಂಗಿ ಜ್ವರ ಹರಡುವ ಸೊಳ್ಳೆ ಈ ತಟ್ಟೆಯಲ್ಲಿ ಮೊಟ್ಟೆಯಿಡುವುದುಂಟು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದ ಹೊತ್ತು ಬೇಕು. ಆದಕಾರಣ ವಾರಕ್ಕೊಮ್ಮೆ, ಪ್ಲಗ್ಗು ಕಿತ್ತು, ಈ ತಟ್ಟೆಯ ನೀರು ಚೆಲ್ಲಿ ಉಜ್ಜಿ ತೊಳೆಯತಕ್ಕದ್ದು. ತಟ್ಟೆ ತೆಗೆಯಲು ಬಾರದಂತಿದ್ದರೆ ಬಟ್ಟೆಯಿಂದ ನೀರು ಹೀರಿಸಿ ಒರೆಸಬೇಕು.

6. ಏನನ್ನು, ಹೇಗೆ ಇಡಬೇಕು

ತಂಪು ರೋಗಾಣುಗಳನ್ನು ಕೊಲ್ಲುವುದಿಲ್ಲ. ಅವುಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಅಷ್ಟೆ. ಕೆಟ್ಟದ್ದನ್ನು ಒಳಗಿಟ್ಟರೆ ಒಳ್ಳೆಯದಾಗಿ ಹೊರಬರುವುದಿಲ್ಲ. ಒಳಗಿನ ಉಷ್ಣತೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಹಾಲಿನ ಸಂಘಗಳ ಶೀತಲ ತೊಟ್ಟಿಗಳಲ್ಲಿ ಹಾಲನ್ನು ತಣಿಸುವುದೂ 4 ಡಿಗ್ರಿಗೆ. ಹತ್ತು ಹನ್ನೆರಡು ಡಿಗ್ರಿ ಇದ್ದರೆ ಕೈಗೆ ತಣ್ಣಗೆ ತೋರುತ್ತದೆ, ಆದರೆ ಹಾಲು ಉಳಿಯುವುದಿಲ್ಲ. ಒಂದು ಸಣ್ಣ ಉಷ್ಣಮಾಪಕವನ್ನು ಲೋಟದ ನೀರಿನಲ್ಲಿ ಇಳಿಬಿಟ್ಟು, ರಾತ್ರಿ ಒಳಗಿಟ್ಟು ಬೆಳಿಗ್ಗೆ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ.

ಹಸಿ ಹಾಲನ್ನು ಕಾಯಿಸಿ, ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟು ಆರಿಸಿ, ಮುಚ್ಚಿ ಒಳಗಿಡಿ. ಅನ್ನ, ಸಾರು, ಪಲ್ಯಗಳನ್ನೂ ಹೀಗೆಯೇ ಆರಿಸಿ ಎರಡು ಗಂಟೆಯೊಳಗೆ ಇಡಬೇಕು. ಬೇಸಿಗೆಯ ಕಡುಬಿಸಿಲಿನ ದಿನಗಳಲ್ಲಿ ಒಂದೇ ಗಂಟೆ. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಬೆಳಿಗ್ಗೆ ಫ್ರಿಜ್ಜಿಗೆ ಸೇರಿಸಿ ಮಧ್ಯಾಹ್ನ ಬಿಸಿಮಾಡಿ ಉಣ್ಣುವುದು ಅಪಾಯ. ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ರೋಗಾಣು ಬಿಡುವ ವಿಷ ಕುದಿಸಿದರೂ ಹೋಗುವುದಿಲ್ಲ. ಉಳಿದ ಅಡಿಗೆಯನ್ನು ಮೂರು ದಿನದೊಳಗೆ ಮುಗಿಸಿ.

ಹಸಿ ಮಾಂಸ, ಮೀನು ಮುಚ್ಚಿದ ಪಾತ್ರೆಯಲ್ಲಿ ಕೆಳಗಿನ ಅಂಕಣದಲ್ಲಿರಲಿ. ಮೇಲಿಟ್ಟರೆ ರಸ ತೊಟ್ಟಿಕ್ಕಿ ಬೇರೆ ಪದಾರ್ಥ ಕೆಡುತ್ತದೆ. ಕೊತ್ತಂಬರಿ, ದಂಟು, ಮೆಂತ್ಯದ ಸೊಪ್ಪನ್ನು ನೀರಾರಿಸಿ ಬಟ್ಟೆಯಲ್ಲಿ ಸುತ್ತಿಡಿ. ಈರುಳ್ಳಿ, ಆಲೂಗಡ್ಡೆ, ಬಾಳೆಹಣ್ಣುಗಳಿಗೆ ಫ್ರಿಜ್ ಬೇಡ. ಪಾತ್ರೆಗಳ ನಡುವೆ ಗಾಳಿ ಸುಳಿಯುವಷ್ಟು ಜಾಗವಿರಲಿ.

ಸಕ್ಕರೆ ಕಾಯಿಲೆಯವರ ಹೊಸ ಇನ್ಸುಲಿನ್, ಹಾಗೆಯೇ ಲಸಿಕೆಗಳು, 2ರಿಂದ 8 ಡಿಗ್ರಿಯ ನಡುವೆ ಇರಬೇಕು. ದನಗಳ ಕಾಲುಬಾಯಿ ಜ್ವರದ ಲಸಿಕೆಯೂ ಅಷ್ಟೇ ತಂಪಿನಲ್ಲಿ ಬರುತ್ತದೆ. ಪಶುವೈದ್ಯರು ಐಸ್ ಪೆಟ್ಟಿಗೆಯಲ್ಲಿ ತರುವುದನ್ನು ನೀವು ನೋಡಿದ್ದೀರಿ. ಇವು ಬಿಸಿಯಾದರೂ ಕೆಡುತ್ತವೆ, ಹೆಪ್ಪುಗಟ್ಟಿದರೂ ಕೆಡುತ್ತವೆ. ಆದುದರಿಂದ ಇನ್ಸುಲಿನ್ನನ್ನು ಮಂಜಿನ ಅಂಕಣದಲ್ಲಿಯೂ ಇಡಬೇಡಿ, ಪದೇ ಪದೇ ತೆರೆಯುವ ಬಾಗಿಲಿನಲ್ಲಿಯೂ ಇಡಬೇಡಿ. ನಡುವಿನ ಅಂಕಣದಲ್ಲಿ ಮುಚ್ಚಿದ ಡಬ್ಬದಲ್ಲಿ ಇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಉಪಯೋಗಿಸಕೂಡದು.

ಕ್ರಿಮಿನಾಶಕದ ಶೀಶೆ, ಪೆಟ್ರೋಲು, ಸ್ಪಿರಿಟ್ ಇವನ್ನು ಯಾವ ಕಾರಣಕ್ಕೂ ಫ್ರಿಜ್ಜಿನಲ್ಲಿ ಇಡಕೂಡದು. ಮಕ್ಕಳು ಬಾಯಾರಿ ಬಂದಾಗ ಶೀಶೆಯ ಚೀಟಿ ಓದಿ ಕುಡಿಯುವುದಿಲ್ಲ.

7. ಕರೆಂಟು ಹೋದಾಗ

ಬಾಗಿಲು ತೆರೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ಎಷ್ಟು ತಂಪಿದೆ ಎಂದು ತೆರೆದು ತೆರೆದು ನೋಡುವುದರಿಂದಲೇ ಅದು ಹೋಗುವುದು. ಅದಕ್ಕೂ ಹೆಚ್ಚು ಹೊತ್ತಾದರೆ ಹಾಲನ್ನು ಕಾಯಿಸಿ ಬಳಸಿ, ಮಾಂಸವನ್ನು ಕೂಡಲೇ ಬೇಯಿಸಿ. ವಾಸನೆ ತಿರುಗಿದ್ದನ್ನು ಚೆಲ್ಲಿ. ಇನ್ಸುಲಿನ್ ಶೀಶೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ನೀರಿನ ಮಣ್ಣಿನ ಮಡಕೆಯ ತಂಪಿನಲ್ಲಿಟ್ಟು ಕಾಪಾಡಬಹುದು.

8. ನೀರು ನುಗ್ಗಿದಾಗ

2025ರ ಮೇ ತಿಂಗಳಿನ ಮಳೆಯಲ್ಲಿ ಹೊರಮಾವಿನ ಸಾಯಿ ಲೇಔಟ್ ಮುಳುಗಿದ್ದನ್ನು ನಾಡೆಲ್ಲ ನೋಡಿತು. ನೆಲಮಹಡಿಯ ಮನೆಗಳಿಗೆ ನೀರು ನುಗ್ಗಿತು, ಜನರನ್ನು ದೋಣಿ, ಟ್ರ್ಯಾಕ್ಟರುಗಳಲ್ಲಿ ಸಾಗಿಸಬೇಕಾಯಿತು. ತಗ್ಗಿನಲ್ಲಿ, ರಾಜಕಾಲುವೆಯ ಪಕ್ಕದಲ್ಲಿ, ಕೆರೆಯ ಕೆಳಗೆ ಮನೆ ಕಟ್ಟಿದ ಎಲ್ಲರಿಗೂ ಇಂಥ ದಿನ ಬರಬಹುದು.

ನೀರು ಏರುವ ಸೂಚನೆ ಕಂಡೊಡನೆ, ಕಾಲ ಕೆಳಗೆ ನೆಲ ಒಣಗಿರುವಾಗಲೇ, ಮೇನ್ ಸ್ವಿಚ್ಚು ಆರಿಸಿ. ನೀರಿನಲ್ಲಿ ನಿಂತು ಪ್ಲಗ್ಗನ್ನಾಗಲಿ ಸ್ವಿಚ್ಚನ್ನಾಗಲಿ ಮುಟ್ಟಕೂಡದು. ನೀರು ಇಳಿದ ಮೇಲೆ ಫ್ರಿಜ್ ಹೊರಗಿನಿಂದ ಒಣಗಿ ಕಂಡರೂ ಹಾಕಬೇಡಿ. ಕಂಪ್ರೆಸರಿನ ವೈರುಗಳಲ್ಲಿ, ಗೋಡೆಯ ಒಳಹೊದಿಕೆಯಲ್ಲಿ ತೇವ ನಿಂತಿರುತ್ತದೆ. ಮೆಕಾನಿಕ್ ಬಿಚ್ಚಿ ನೋಡಿ ಸರಿ ಎಂದ ಮೇಲೆಯೇ ಹಾಕತಕ್ಕದ್ದು. ಚರಂಡಿ ಬೆರೆತ ನೀರು ತಗುಲಿದ ಆಹಾರ, ಔಷಧಿ ಎಲ್ಲವನ್ನೂ ಎಸೆಯಿರಿ. ಅವುಗಳ ಮೇಲಿನ ಮಮತೆ ಆಸ್ಪತ್ರೆಯ ಖರ್ಚಿಗೆ ದಾರಿ. ಮನೆಗೆ ಎಂದೂ ನೀರು ಬಾರದಿದ್ದರೂ ಫ್ರಿಜ್ಜಿಗೆ ಗಟ್ಟಿಯಾದ ಸ್ಟ್ಯಾಂಡ್ ಇರಲಿ, ಸಾಕೆಟ್ಟು ಎತ್ತರದಲ್ಲಿರಲಿ.

9. ಹಳೆಯ ಫ್ರಿಜ್ ಮತ್ತು ಮಕ್ಕಳು

ಹಿಂದಿನ ಕಾಲದ ಫ್ರಿಜ್‌ಗಳ ಬಾಗಿಲಿಗೆ ಹೊರಗಿನಿಂದ ಬೀಳುವ ಚಿಲಕವಿತ್ತು. ಅಮೆರಿಕದಲ್ಲಿ ಕಣ್ಣುಮುಚ್ಚಾಲೆ ಆಡುತ್ತ ಒಳಹೊಕ್ಕ ಮಕ್ಕಳು ಉಸಿರುಕಟ್ಟಿ ಸತ್ತದ್ದರಿಂದ, 1956ರಲ್ಲಿ ಅಲ್ಲಿಯ ಸರ್ಕಾರ ಒಳಗಿನಿಂದಲೂ ತೆರೆಯುವಂಥ ಬಾಗಿಲಿರಬೇಕೆಂದು ಕಾನೂನು ಮಾಡಿತು. ಆದರೂ ಹಿತ್ತಿಲಿನಲ್ಲಿ ಬಿಟ್ಟ ಫ್ರಿಜ್ ಇಂದಿಗೂ ಮಕ್ಕಳಿಗೆ ಅಪಾಯವೇ. ಬೀಗವಿರುವ ಬಾಗಿಲು ಇನ್ನೂ ಅಪಾಯ. ಬಳಕೆ ತಪ್ಪಿದ ದಿನವೇ ಅದರ ಬಾಗಿಲನ್ನು ಕಳಚಿಡಿ. ಗುಜರಿಯವರು ಅಂಗಳದಲ್ಲಿಯೇ ಕೊಳವೆ ಕತ್ತರಿಸಲು ಬಿಡಬೇಡಿ. ವಿದ್ಯುನ್ಮಾನ ಕಸ ತೆಗೆದುಕೊಳ್ಳಲು ಅನುಮತಿಯಿರುವವರಿಗೇ ಕೊಡಿ.

ಸಾಗಿಸುವಾಗ ಫ್ರಿಜ್ಜನ್ನು ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿ ತಂದಿದ್ದರೆ ಕೆಲವು ಗಂಟೆ ನಿಲ್ಲಿಸಿಟ್ಟು, ಕಂಪ್ರೆಸರಿನ ಎಣ್ಣೆ ಕೆಳಗಿಳಿದ ಮೇಲೆ ಹಾಕಿ.

10. ಆರೈಕೆಯ ಕಾಲಸೂಚಿ

ವಾರಕ್ಕೊಮ್ಮೆ: ಹಿಂಬದಿಯ ತಟ್ಟೆಯ ನೀರು ಚೆಲ್ಲುವುದು, ಹಳೆಯ ಅಡಿಗೆ ತೆಗೆದುಹಾಕುವುದು.
ತಿಂಗಳಿಗೊಮ್ಮೆ: ಒಳಗೆ ಒರೆಸುವುದು, ರಬ್ಬರು ಪಟ್ಟಿ ತೊಳೆದು ಕಾಗದದಿಂದ ಪರೀಕ್ಷಿಸುವುದು, ನೀರಿಳಿಯುವ ತೂತು ನೋಡುವುದು.
ಮೂರು ತಿಂಗಳಿಗೊಮ್ಮೆ: ಹಿಂಬದಿಯ ಧೂಳು ತೆಗೆಯುವುದು, ವೈರು, ಪ್ಲಗ್ಗು ನೋಡುವುದು.
ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ: ಅರ್ಥಿಂಗ್ ಪರೀಕ್ಷೆ ಮಾಡಿಸುವುದು.
ಮಂಜು ಅರ್ಧ ಸೆಂಟಿಮೀಟರ್ ಆದಾಗಲೆಲ್ಲ: ಕರಗಿಸುವುದು.

ಈ ಪಟ್ಟಿಯನ್ನು ಬರೆದು ಫ್ರಿಜ್ಜಿನ ಬಾಗಿಲಿಗೇ ಅಂಟಿಸಿಡಿ. ಕೆಲಸ ಹೆಂಗಸರದು ಎಂದು ಗಂಡಸರು ಸುಮ್ಮನಿರಬಾರದು. ಪೆಟ್ಟಿಗೆ ಎಳೆದು ಧೂಳು ತೆಗೆಯುವುದು, ಅರ್ಥಿಂಗ್ ಗುಂಡಿಗೆ ನೀರು ಹಾಕುವುದು ನಿಮ್ಮ ಪಾಲಿಗಿರಲಿ.

ಸಂಘದ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

1. ಫ್ರಿಜ್ಜಿನ ಬಾಗಿಲು ತೆರೆದಿಟ್ಟರೆ ಅಡಿಗೆಮನೆ ತಂಪಾಗುವುದೇ? ಆಗದಿದ್ದರೆ ಏಕೆ?
2. ನಿಮ್ಮ ಮನೆಯ ಫ್ರಿಜ್ಜಿನ ಪ್ಲಗ್ಗಿಗೆ ಎಷ್ಟು ಪಿನ್ನುಗಳಿವೆ? ಅರ್ಥಿಂಗ್ ಗುಂಡಿ ಎಲ್ಲಿದೆ?
3. ಇನ್ಸುಲಿನ್ನನ್ನು ಮಂಜಿನ ಅಂಕಣದಲ್ಲಿ ಏಕೆ ಇಡಬಾರದು?
4. ಹಿಂಬದಿಯ ತಟ್ಟೆಯನ್ನು ನೀವು ಕಡೆಯ ಬಾರಿ ತೊಳೆದದ್ದು ಯಾವಾಗ?

ಎರಡನೆಯ ಪ್ರಶ್ನೆಗೆ ಉತ್ತರ ತಿಳಿಯದವರು ಇಂದು ಮನೆಗೆ ಹೋದೊಡನೆ ಮೊದಲು ಅದನ್ನೇ ನೋಡಿರಿ.